ನೆಟ್‌ವರ್ಕ್ ಸ್ವಿಚ್

ನೆಟ್‌ವರ್ಕ್ ಸ್ವಿಚ್ ಎಂಬುದು ಒಂದೇ ಕಟ್ಟಡ ಅಥವಾ ಆವರಣದಲ್ಲಿರುವ ಗಣಕಯಂತ್ರ, ಮುದ್ರಕ, ಕ್ಯಾಮೆರಾ ಮುಂತಾದ ಸಾಧನಗಳನ್ನು ಕೇಬಲ್‌ಗಳ ಮೂಲಕ ಜೋಡಿಸಿ, ಒಂದರಿಂದ ಹೊರಟ ದತ್ತಾಂಶವನ್ನು ಅದು ತಲುಪಬೇಕಾದ ಸಾಧನದ ಕಡೆಗೆ ಮಾತ್ರ ರವಾನಿಸುವ ಯಂತ್ರಾಂಶ. ದೀಪದ ಸ್ವಿಚ್ಚಿಗೂ ಇದಕ್ಕೂ ಹೆಸರಿನ ಹೊರತು ಹೆಚ್ಚಿನ ಹೋಲಿಕೆಯಿಲ್ಲ. ದೂರವಾಣಿ ವಿನಿಮಯ ಕೇಂದ್ರದ ಕೆಲಸ ಇದಕ್ಕೆ ಹೆಚ್ಚು ಹತ್ತಿರವಾದುದು.

ಹಿನ್ನೆಲೆ

ಇಂದಿನ ಸ್ಥಳೀಯ ಜಾಲಗಳ ತಳಹದಿಯಾದ ಈಥರ್ನೆಟ್ ತಂತ್ರಜ್ಞಾನವು 1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿತು. ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಇದರ ನಿರ್ಮಾತೃಗಳಲ್ಲಿ ಪ್ರಮುಖರು. ಆಗ ಎಲ್ಲ ಗಣಕಗಳೂ ಒಂದೇ ಕೇಬಲ್ಲನ್ನು ಹಂಚಿಕೊಳ್ಳುತ್ತಿದ್ದವು. ಎರಡು ಗಣಕಗಳು ಏಕಕಾಲಕ್ಕೆ ಸಂಕೇತ ಕಳುಹಿಸಿದರೆ ಅವು ಒಂದರೊಳಗೊಂದು ಬೆರೆತು ಕೆಡುತ್ತಿದ್ದವು. ಆಗ ಎರಡೂ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಪ್ರಯತ್ನಿಸಬೇಕಾಗಿತ್ತು.

ನಂತರ ಬಂದ ಹಬ್ ಎಂಬ ಪೆಟ್ಟಿಗೆಯಿಂದ ಕೇಬಲ್ ಜೋಡಣೆ ಸುಲಭವಾಯಿತೇ ಹೊರತು ಈ ತೊಂದರೆ ನೀಗಲಿಲ್ಲ. ಒಂದು ಪೋರ್ಟಿಗೆ ಬಂದುದನ್ನು ಉಳಿದೆಲ್ಲ ಪೋರ್ಟುಗಳಿಗೂ ಹಬ್ ಪುನರುಚ್ಚರಿಸುತ್ತಿತ್ತು. ಹೀಗಾಗಿ ಒಬ್ಬರ ಪತ್ರವನ್ನು ಜಾಲದಲ್ಲಿದ್ದ ಬೇರೆ ಯಾರಾದರೂ ಕದ್ದು ಓದುವುದೂ ಕಷ್ಟವಿರಲಿಲ್ಲ.

ಬಹು ಪೋರ್ಟುಗಳ ಮೊದಲ ಈಥರ್ನೆಟ್ ಸ್ವಿಚ್ಚನ್ನು 1990ರಲ್ಲಿ ಅಮೆರಿಕದ ‘ಕಲ್ಪನಾ’ ಎಂಬ ಸಂಸ್ಥೆ ಮಾರುಕಟ್ಟೆಗೆ ತಂದಿತು. ಅದರಲ್ಲಿ 7 ಪೋರ್ಟುಗಳಿದ್ದವು. ಭಾರತೀಯ ಮೂಲದ ಸಹಸ್ಥಾಪಕ ವಿನೋದ್ ಭಾರದ್ವಾಜ್ ಅವರ ಪತ್ನಿಯ ಹೆಸರನ್ನೇ ಸಂಸ್ಥೆಗೆ ಇಡಲಾಗಿತ್ತು. 1994ರಲ್ಲಿ ಸಿಸ್ಕೊ ಕಂಪನಿ ಅದನ್ನು ಕೊಂಡುಕೊಂಡಿತು.

ಕಾರ್ಯವಿಧಾನ

ಈಥರ್ನೆಟ್ ಸಾಧನಗಳಿಗೆ ತಯಾರಿಕೆಯ ಹಂತದಲ್ಲಿಯೇ 48 ಬಿಟ್ಟುಗಳ ಒಂದು ಗುರುತಿನ ಸಂಖ್ಯೆಯನ್ನು ಕೊಡಲಾಗುತ್ತದೆ. ಇದನ್ನು ಮ್ಯಾಕ್ ವಿಳಾಸ ಎನ್ನುತ್ತಾರೆ. ದತ್ತಾಂಶವು ಫ್ರೇಮ್ ಎಂಬ ತುಣುಕುಗಳಾಗಿ ಚಲಿಸುತ್ತದೆ; ಪ್ರತಿ ಫ್ರೇಮಿನ ಮೇಲೂ ಕಳುಹಿಸಿದವರ ಹಾಗೂ ಪಡೆಯಬೇಕಾದವರ ಮ್ಯಾಕ್ ವಿಳಾಸಗಳಿರುತ್ತವೆ.

ಯಾವ ಸಾಧನ ಯಾವ ಪೋರ್ಟಿನಲ್ಲಿದೆ ಎಂಬುದನ್ನು ಸ್ವಿಚ್ಚಿಗೆ ಯಾರೂ ಹೇಳಿಕೊಡುವುದಿಲ್ಲ. ಊರಿಗೆ ಹೊಸದಾಗಿ ಬಂದ ಅಂಚೆಯವನು ಯಾವ ಬೀದಿಯಿಂದ ಯಾರ ಪತ್ರ ಬಂತೆಂದು ನೋಡಿಯೇ ಮನೆಗಳನ್ನು ಗುರುತಿಟ್ಟುಕೊಂಡಂತೆ, ಸ್ವಿಚ್ ಕಳುಹಿಸಿದವರ ವಿಳಾಸವನ್ನೂ ಅದು ಬಂದ ಪೋರ್ಟನ್ನೂ ತನ್ನ ಪಟ್ಟಿಯಲ್ಲಿ ದಾಖಲಿಸುತ್ತದೆ. ಪಡೆಯುವವರ ವಿಳಾಸ ಪಟ್ಟಿಯಲ್ಲಿದ್ದರೆ ಫ್ರೇಮ್ ಆ ಪೋರ್ಟಿಗೆ ಮಾತ್ರ ಹೋಗುತ್ತದೆ. ಇಲ್ಲವಾದರೆ ಸ್ವಿಚ್ ಹಬ್ಬಿನಂತೆಯೇ ನಡೆದುಕೊಂಡು, ಬಂದ ಪೋರ್ಟನ್ನು ಬಿಟ್ಟು ಉಳಿದೆಲ್ಲ ಪೋರ್ಟುಗಳಿಗೂ ಅದನ್ನು ಕಳುಹಿಸುತ್ತದೆ. ಉತ್ತರ ಬಂದೊಡನೆ ಆ ವಿಳಾಸವನ್ನೂ ಕಲಿಯುತ್ತದೆ. ಕೆಲಕಾಲ, ಸಾಮಾನ್ಯವಾಗಿ 300 ಸೆಕೆಂಡು, ಸದ್ದಿಲ್ಲದ ವಿಳಾಸವನ್ನು ಪಟ್ಟಿಯಿಂದ ಅಳಿಸಲಾಗುತ್ತದೆ. ಗಣಕವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸಿದರೂ ಜಾಲ ಕೆಡದಿರಲು ಈ ಮರೆವೂ ಒಂದು ಕಾರಣ.

ಪಟ್ಟಿಯ ಗಾತ್ರಕ್ಕೆ ಮಿತಿಯಿದೆ. ಸುಳ್ಳು ವಿಳಾಸಗಳ ಸಾವಿರಾರು ಫ್ರೇಮುಗಳನ್ನು ಕಳುಹಿಸಿ ಪಟ್ಟಿಯನ್ನು ತುಂಬಿಸಿದರೆ, ಹೊಸ ವಿಳಾಸಗಳಿಗೆ ಜಾಗವಿಲ್ಲದೆ ಅವುಗಳ ಫ್ರೇಮುಗಳು ಎಲ್ಲ ಪೋರ್ಟುಗಳಿಗೂ ಹರಿಯತೊಡಗುತ್ತವೆ. ಆದುದರಿಂದ ಸ್ವಿಚ್ ಇದ್ದ ಮಾತ್ರಕ್ಕೆ ಗೋಪ್ಯತೆ ಭದ್ರವಾಯಿತೆಂದು ಭಾವಿಸಲಾಗದು. ಒಂದು ಪೋರ್ಟಿಗೆ ಇಷ್ಟೇ ವಿಳಾಸಗಳೆಂದು ಮಿತಿ ಹೇರುವ ಸೌಲಭ್ಯ, ನಿರ್ವಹಣಾ ವ್ಯವಸ್ಥೆಯುಳ್ಳ ಸ್ವಿಚ್ಚುಗಳಲ್ಲಿರುತ್ತದೆ.

ಕುಣಿಕೆಯ ಸಮಸ್ಯೆ

ಒಂದೇ ಕೇಬಲ್ಲಿನ ಎರಡೂ ತುದಿಗಳನ್ನು ಅದೇ ಸ್ವಿಚ್ಚಿಗೆ ಚುಚ್ಚಿದರೆ, ಇಲ್ಲವೇ ಎರಡು ಸ್ವಿಚ್ಚುಗಳ ನಡುವೆ ಎರಡು ಕೇಬಲ್ ಹಾಕಿದರೆ ಕುಣಿಕೆ ಉಂಟಾಗುತ್ತದೆ. ಎಲ್ಲರಿಗೂ ಉದ್ದೇಶಿಸಿದ ಪ್ರಸಾರ ಫ್ರೇಮ್ ಒಂದು ಇದರೊಳಗೆ ಸಿಕ್ಕಿದರೆ ಸುತ್ತುತ್ತಲೇ ಇರುತ್ತದೆ. ಐಪಿ ಪ್ಯಾಕೆಟ್ಟಿಗಿರುವಂತೆ ಈಥರ್ನೆಟ್ ಫ್ರೇಮಿಗೆ ಆಯುಸ್ಸಿನ ಮಿತಿಯಿಲ್ಲ. ಕೆಲವೇ ಕ್ಷಣಗಳಲ್ಲಿ ಇಡೀ ಜಾಲ ಸ್ತಬ್ಧವಾಗಬಹುದು. ಯಾವ ಸಾಧನವೂ ಕೆಟ್ಟಿರುವುದಿಲ್ಲವಾದ್ದರಿಂದ ದೋಷವನ್ನು ಹುಡುಕುವುದು ಪ್ರಯಾಸದ ಕೆಲಸ.

ಹಾಗೆಂದು ಹೆಚ್ಚುವರಿ ಕೇಬಲ್ಲೇ ಬೇಡವೆನ್ನುವಂತಿಲ್ಲ. ಒಂದು ತುಂಡಾದರೆ ಇನ್ನೊಂದು ಆಸರೆಯಾಗಬೇಕು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲಿ ಇದಕ್ಕೆ ಪರಿಹಾರವಾಗಿ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನವನ್ನು ರೂಪಿಸಿದರು. ಇದರಲ್ಲಿ ಸ್ವಿಚ್ಚುಗಳು ತಮ್ಮೊಳಗೆ ಮಾತನಾಡಿಕೊಂಡು ಒಂದನ್ನು ಬೇರಾಗಿ ಆರಿಸಿ, ಕುಣಿಕೆಯಿಲ್ಲದ ಮರದಾಕಾರದ ದಾರಿಯನ್ನಷ್ಟೇ ತೆರೆದಿಟ್ಟು, ಉಳಿದ ಕೊಂಡಿಗಳನ್ನು ತಡೆಹಿಡಿಯುತ್ತವೆ. ಮುಖ್ಯ ಕೊಂಡಿ ಕಡಿದರೆ ತಡೆದದ್ದು ತೆರೆದುಕೊಳ್ಳುತ್ತದೆ. ಅಗ್ಗದ ಸಣ್ಣ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಈ ವ್ಯವಸ್ಥೆ ಇರುವುದಿಲ್ಲ.

ರೂಟರ್‌ಗಿಂತ ಭಿನ್ನತೆ

ಸ್ವಿಚ್ ಒಂದು ಜಾಲದೊಳಗೆ ಮ್ಯಾಕ್ ವಿಳಾಸ ನೋಡಿ ಕೆಲಸ ಮಾಡಿದರೆ, ರೂಟರ್ ಬೇರೆ ಬೇರೆ ಜಾಲಗಳ ನಡುವೆ ಐಪಿ ವಿಳಾಸ ನೋಡಿ ದಾರಿ ತೋರುತ್ತದೆ. ಮನೆಗಳಲ್ಲಿ ರೂಟರ್ ಎಂದು ಕರೆಯುವ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ರೂಟರ್, ಸಣ್ಣ ಸ್ವಿಚ್ ಮತ್ತು ವೈ-ಫೈ ಕೇಂದ್ರ ಮೂರೂ ಇರುತ್ತವೆ. ಅದರ ಹಿಂಬದಿಯಲ್ಲಿ ಸಾಲಾಗಿರುವ ಲ್ಯಾನ್ ಪೋರ್ಟುಗಳು ಈ ಸ್ವಿಚ್ಚಿನವು.