ಏಳು ಕೊಳ್ಳದ ಅಂಚಿನಲ್ಲಿ

ಸವದತ್ತಿಗೆ ಬಂದವರಲ್ಲಿ ಬಹಳಷ್ಟು ಜನ ಬಸ್ಸಿಳಿದು ನೇರ ಎಲ್ಲಮ್ಮನ ಗುಡ್ಡ ಸೇರಿ, ಹಣ್ಣು-ಕಾಯಿ ಮಾಡಿಸಿ, ಭಂಡಾರ ಹಚ್ಚಿಕೊಂಡು ಊರ ದಾರಿ ಹಿಡಿಯುತ್ತಾರೆ. ಆದರೆ ‘ಏಳು ಕೊಳ್ಳದ ಎಲ್ಲಮ್ಮ’ ಎಂದು ಕರೆಯುವಾಗ ಬಾಯಿಗೆ ಬರುವ ಆ ಕೊಳ್ಳಗಳನ್ನು ಕಾಣಬೇಕಾದರೆ ನಡೆಯಲೇಬೇಕು.

ನಡಿಗೆ ಊರೊಳಗಿನ ಕೋಟೆಯಿಂದಲೇ ಶುರುವಾಗಲಿ. 18ನೇ ಶತಮಾನದಲ್ಲಿ ಸಿರಸಂಗಿ ದೇಸಾಯಿ ಮನೆತನದ ಜಾಯಪ್ಪ ದೇಸಾಯಿ ಕಟ್ಟಿಸಿದ ಇದರ ಬುರುಜುಗಳ ಮೇಲಿನ ಕೆತ್ತನೆಗೆ ಒಂದು ತಾಸಾದರೂ ಕೊಡಬೇಕು. ಸವದತ್ತಿ ಅದಕ್ಕೂ ಬಹಳ ಹಿಂದಿನ ಸುಗಂಧವರ್ತಿ; ಬೆಳಗಾವಿಗೆ ಹೋಗುವ ಮುಂಚೆ ರಟ್ಟ ಅರಸರ ರಾಜಧಾನಿ. ದಕ್ಷಿಣದ ಗುಡ್ಡದ ನೆತ್ತಿಯಲ್ಲಿ ಪಾರಸಗಡ ಕೋಟೆ. ಹಿಂದೆ ಇಡೀ ತಾಲ್ಲೂಕಿಗೇ ಹೆಸರು ಕೊಟ್ಟ ಈ ಕೋಟೆಯನ್ನು ಇಂದು ಹತ್ತುವವರು ಕಡಿಮೆ. ಅದು ನಿಜಕ್ಕೂ ದೊಡ್ಡ ನಷ್ಟ.

ಮಳೆಗಾಲ ಮುಗಿದ ಹೊಸತರಲ್ಲಿ ಈ ಗುಡ್ಡ ಹತ್ತಿದರೆ ಕಾಲಡಿಯ ಬಂಡೆ ತಾನೇ ಮಾತಾಡುತ್ತದೆ. ಉಸುಕು ಪದರಪದರವಾಗಿ ಕೂತು, ಒತ್ತಿ, ಗಟ್ಟಿಯಾದ ಶಿಲೆ ಇದು. ಅಲ್ಲಲ್ಲಿ ನೀರಿನ ತೆರೆಯ ಗುರುತು ಹಾಗೇ ಉಳಿದಿದೆ. ಕಲಾದಗಿ ಶಿಲಾಸಮೂಹದ ಈ ಪದರಗಳಿಗೆ ಭೂವಿಜ್ಞಾನಿಗಳು ‘ರಾಮದುರ್ಗ ಫಾರ್ಮೇಶನ್’ ಎಂದೂ, ಅದರೊಳಗಿನ ಗಟ್ಟಿ ಕಲ್ಲಿಗೆ ‘ಸವದತ್ತಿ ಕ್ವಾರ್ಟ್‌ಜೈಟ್’ ಎಂದೂ ಹೆಸರಿಟ್ಟಿದ್ದಾರೆ. ಹತ್ತಿರದ ಮುನವಳ್ಳಿಯ ಹೆಸರೂ ಒಂದು ಪದರಕ್ಕೆ ಸಿಕ್ಕಿದೆ. ನಮ್ಮ ಊರುಗಳ ಹೆಸರುಗಳು ಶಿಲಾಶಾಸ್ತ್ರದ ಪುಸ್ತಕದಲ್ಲಿ ಹೀಗೆ ಕೂತಿವೆ ಎಂಬುದು ಇಲ್ಲಿನ ಶಾಲೆಯ ಮಕ್ಕಳಿಗೆ ಮೊದಲು ಗೊತ್ತಾಗಬೇಕು.

ಇಂಥ ಗಟ್ಟಿ ಏಣನ್ನು ಮಲಪ್ರಭೆ ಕೊರೆದುಕೊಂಡು ಹೊರಬರುವ ಜಾಗವೇ ನವಿಲುತೀರ್ಥ. ಗುಡ್ಡ ಅಡ್ಡವಾದಾಗ ನೆತ್ತಿಯ ಮೇಲಿನ ನವಿಲೊಂದು ಕೂಗಿ ಹೊಳೆಯನ್ನು ಕರೆಯಿತಂತೆ, ಗುಡ್ಡ ಬಿರಿದು ದಾರಿ ಬಿಟ್ಟಿತಂತೆ. ಎಂಜಿನಿಯರುಗಳಿಗೂ ಅದೇ ಇಕ್ಕಟ್ಟು ವರವಾಯಿತು: ಸುಮಾರು 155 ಮೀಟರ್ ಉದ್ದದ ಅಣೆಕಟ್ಟೇ 37.73 ಟಿಎಂಸಿ ನೀರನ್ನು ತಡೆದು ನಿಲ್ಲಿಸಿದೆ. ಹುಬ್ಬಳ್ಳಿ-ಧಾರವಾಡದ ನಳಗಳಿಗೆ ಹೋಗುವುದೂ ಇದೇ ನೀರು.

ಇನ್ನು ಗುಡ್ಡದ ಮೇಲಿನ ಎಲ್ಲಮ್ಮನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದ ಎನ್ನುತ್ತಾರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚಕ್ಕಡಿಗಳು ಸಾಲುಗಟ್ಟಿ ಬರುತ್ತವೆ. ಕಲ್ಲಿನ ಬಯಲಲ್ಲೇ ಒಲೆ ಹೂಡಿ, ಕಡಬು-ಹೋಳಿಗೆ ಮಾಡಿ ದೇವಿಯ ಹೆಸರಲ್ಲಿ ಪರಡಿ (ಬುಟ್ಟಿ) ತುಂಬಿಸುತ್ತಾರೆ. ‘ಉಧೋ ಉಧೋ’ ಎಂಬ ಕೂಗು ಕೊಳ್ಳದಿಂದ ಕೊಳ್ಳಕ್ಕೆ ದಾಟುತ್ತದೆ.

ಇನ್ನೂ ಕಾಲಲ್ಲಿ ಕಸುವಿದ್ದವರು ರಾಮದುರ್ಗದ ಕಡೆ ಹೊರಳಬಹುದು. ಸುರೇಬಾನದ ಹತ್ತಿರದ ಶಬರಿಕೊಳ್ಳದಲ್ಲಿ ಗುಡ್ಡದ ಕಲ್ಲಿನ ಸಂದಿಯಿಂದ ನೀರು ಒಸರಿ ಹೊಂಡಕ್ಕೆ ಇಳಿಯುತ್ತದೆ. ಶಬರಿ ರಾಮನಿಗಾಗಿ ಬಾರಿಹಣ್ಣು ಕೂಡಿಟ್ಟು ಕಾದದ್ದು ಇಲ್ಲೇ ಎನ್ನುತ್ತಾರೆ ಊರವರು.