ಮಡಿಯಲ್ಲ, ಒಸಿಡಿ

ಪುಣೆಯ ಹಿಂಜೆವಾಡಿಯಲ್ಲಿ ಕೋಡ್ ಬರೆಯುವ ನನಗೆ ಸಿಟಿ ಬಸ್ಸಿನ ಕಂಬಿ ಮುಟ್ಟಿದರೆ ಏಳೆಂಟು ಸಲ ಕೈ ತೊಳೆಯಬೇಕಿತ್ತು. ಅಮ್ಮ ‘ಮಡಿ’ ಎಂದು ನಗುತ್ತಿದ್ದರು. ವೈದ್ಯರು ಒಸಿಡಿ ಎಂದರು.

1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ತೋರಿಸಿದ ದಾರಿಯೇ ಇಂದಿಗೂ ಚಿಕಿತ್ಸೆ: ಹೆದರಿದ್ದನ್ನು ಮುಟ್ಟಬೇಕು, ತೊಳೆಯದೆ ಕಾಯಬೇಕು, ಆತಂಕ ತಾನೇ ಇಳಿಯುತ್ತದೆ. ಹೊಸದೆಂದರೆ ವಿಆರ್ ಹೆಡ್‌ಸೆಟ್. (ಅದನ್ನು ಇನ್ಯಾರೋ ಹಾಕಿಕೊಂಡಿದ್ದರು ಎಂಬುದೇ ನನಗೆ ಮೊದಲ ಪರೀಕ್ಷೆ!) ಕುರ್ಚಿಯಲ್ಲಿ ಕೂತೇ ಕೊಳಕು ಶೌಚಾಲಯ ಹೊಕ್ಕೆ. ಬರೀ ಪಿಕ್ಸೆಲ್ ಎಂದು ಗೊತ್ತಿದ್ದೂ ಅಂಗೈ ಬೆವರಿತು. ಕೊಳೆಯನ್ನು ಹಂತಹಂತವಾಗಿ ಹೆಚ್ಚಿಸಬಹುದು, ಅದೇ ಲಾಭ. ಆದರೆ ನಿಜವಾಗಿ ಏನನ್ನೂ ಮುಟ್ಟುವುದಿಲ್ಲವಲ್ಲ, ಮನಸ್ಸು ‘ಸುಳ್ಳು’ ಎಂದು ನುಣುಚಿಕೊಳ್ಳುತ್ತದೆ. ತಾಲೀಮಿಗೆ ಸರಿ, ಕೊನೆಗೆ ಬಸ್ ಹತ್ತಲೇಬೇಕು.

ನಿನ್ನೆ ಕಂಬಿ ಹಿಡಿದು ನಿಂತೆ. ಮನೆಗೆ ಬಂದು, ಕೈ ತೊಳೆಯದೆಯೇ ಅಮ್ಮನಿಗೆ ಫೋನ್ ಮಾಡಿದೆ.