ಸಂತೇಬೆನ್ನೂರು ಸೀಮೆಯ ಊರುಗಳು, ಹೆಸರುಗಳು ಮತ್ತು ಜನವಸತಿ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಹೋಬಳಿಯು ಹೊನ್ನಾಳಿ, ನ್ಯಾಮತಿಗಳ ತಂಪು ಭೂಮಿಗೂ ಜಗಳೂರಿನ ಒಣ ಬಯಲಿಗೂ ನಡುವೆ ಇರುತ್ತದೆ. ಮೊದಲು ಚನ್ನಗಿರಿಯು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. 1997ನೆಯ ಇಸವಿ ಆಗಸ್ಟ್ 15ರಂದು ಏರ್ಪಟ್ಟ ದಾವಣಗೆರೆ ಜಿಲ್ಲೆಯು ಎರಡನ್ನೂ ಒಂದುಗೂಡಿಸಿತು. 2011ರ ಖಾನೇಷುಮಾರಿಯಂತೆ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 328 ಜನರಿದ್ದರು. ಆದರೆ ಈ ಸರಾಸರಿಯನ್ನು ನಂಬಿ ಲೆಕ್ಕ ಹಾಕುವುದು ಸರಿಯಲ್ಲ. ಜಗಳೂರು ತಾಲ್ಲೂಕಿನ ಜನಸಾಂದ್ರತೆಯು ಇದಕ್ಕಿಂತ ಬಹಳ ಕಡಮೆ.

ಕಾರಣವು ನೀರು. ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಹಾಕಿ ಕಟ್ಟಿದ ಸೂಳೆಕೆರೆಯಿಂದ ಸಿದ್ಧನಾಲೆ, ಬಸವನಾಲೆಗಳು ಹೊರಡುವುವು. ತರುವಾಯ ಭದ್ರಾ ನಾಲೆಯೂ ಬಂದಿತು. ಈ ಭಾಗದಲ್ಲಿ ತರಿಯೂ ಅಡಕೆಯ ಬಾಗಾಯ್ತೂ ಹೆಚ್ಚಿ, ಊರುಗಳು ಒತ್ತಾಗಿ ಬೆಳೆದವು. ಜಗಳೂರಿನ ಕಡೆ ಮಳೆಯನ್ನೇ ನೆಚ್ಚಿದ ಖುಷ್ಕಿಯೇ ಪ್ರಧಾನ.

ಊರ ಹೆಸರುಗಳೂ ಇದನ್ನೇ ಹೇಳುವುವು. ಹೊದಿಗೆರೆ, ಕೆರೆಬಿಳಚಿ ಎಂಬಲ್ಲಿ ಕೆರೆಯುಂಟು. ಜಗಳೂರಿನ ಪಲ್ಲಾಗಟ್ಟೆಯಲ್ಲಿ ಕಟ್ಟೆಯೂ ದೊಣೆಹಳ್ಳಿಯಲ್ಲಿ ಬಂಡೆಯ ದೊಣೆಯೂ ಉಂಟು. ನೀರು ಕಡಮೆಯಾದಷ್ಟೂ ಹೆಸರೂ ಕಿರಿದಾದ ಆಸರೆಯನ್ನು ಹಿಡಿದಂತೆ ತೋರುತ್ತದೆ. ಹಿರೇಕೋಗಲೂರು, ಚಿಕ್ಕಕೋಗಲೂರುಗಳಂಥ ಜೋಡಿ ಹೆಸರುಗಳು ಒಂದು ಊರಿನ ಜನವು ಹೆಚ್ಚಿ ಮತ್ತೊಂದಾಗಿ ಕವಲೊಡೆಯುವ ಕ್ರಮವನ್ನು ನೆನಪಿಗೆ ತರುವುವು. ಬೆನ್ನೂರಿಗೆ ಸಂತೆಯೇ ವಿಶೇಷಣವಾಯಿತು. 16ನೆಯ ಶತಮಾನದಲ್ಲಿ ಕೆಂಗ ಹನುಮಪ್ಪನಾಯಕನು ಪುಷ್ಕರಿಣಿಯನ್ನು ಕಟ್ಟಿಸಿದ ಈ ಊರನ್ನು ಜನರು ಪಾಳೆಯಗಾರನ ಹೆಸರಿನಿಂದ ಕರೆಯದೆ ಸಂತೆಯಿಂದಲೇ ಕರೆದರು.

ಇನ್ನು ಕಂದಾಯದ ದಫ್ತರದಲ್ಲಿ ಬೇಚಿರಾಕ್ ಎಂದು ಬರೆದ ಗ್ರಾಮಗಳ ವಿಚಾರ. ಬೇಚಿರಾಕ್ ಎಂದರೆ ದೀಪವಿಲ್ಲದ್ದು. ಅಲ್ಲಿ ಸರ್ವೆ ನಂಬರುಗಳೂ ಎಲ್ಲೆಕಲ್ಲುಗಳೂ ಇರುವುವು, ಒಲೆ ಹೊತ್ತಿಸುವವರಿರುವುದಿಲ್ಲ. ಇಂಥ ಗ್ರಾಮದ ಕೆರೆ, ಗೋಮಾಳಗಳನ್ನು ಹೇಳಿಕೊಳ್ಳುವ ಊರಿನವರೇ ಇಲ್ಲದುದರಿಂದ ಒತ್ತುವರಿಯು ಸುಲಭವಾಗಿ ನಡೆಯುತ್ತದೆ.

ಇದಕ್ಕೆ ವಿರುದ್ಧವಾದ ಸ್ಥಿತಿಯು ತಾಂಡಾ, ಹಟ್ಟಿಗಳದು. ನೂರಾರು ಜನರು ತಲೆಮಾರುಗಳಿಂದ ವಾಸವಾಗಿದ್ದರೂ ದಾಖಲೆಯಲ್ಲಿ ಪ್ರತ್ಯೇಕ ಗ್ರಾಮವಿಲ್ಲದೆ ಅವರು ದೂರದ ಮೂಲಗ್ರಾಮದ ಲೆಕ್ಕಕ್ಕೆ ಸೇರಿಹೋಗುವರು. ಮನೆ ನಿಂತ ಜಾಗವು ಅನೇಕ ವೇಳೆ ಬೇರೊಬ್ಬ ಜಮೀನುದಾರರ ಹೆಸರಿನಲ್ಲಿಯೇ ಇರುವುದುಂಟು. ಭೂಸುಧಾರಣಾ ಕಾಯಿದೆಗೆ ಸೇರಿಸಿ 2017ರಲ್ಲಿ ಜಾರಿಗೆ ತಂದ 38-ಎ ಪ್ರಕರಣವು ಖಾಸಗಿ ಜಮೀನಿನಲ್ಲಿರುವ ದಾಖಲೆರಹಿತ ವಸತಿಗಳ ನಿವಾಸಿಗಳಿಗೆ ಮನೆಯ ಹಕ್ಕು ಕೊಡಲು ಅವಕಾಶ ಮಾಡಿತು. ಇಂಥ ವಸತಿಯನ್ನು ಕಂದಾಯ ಗ್ರಾಮವನ್ನಾಗಿ ಮಾಡುವಾಗ ಅಧಿಕಾರಿಗಳು ಕೇಳುವ ಮೊದಲ ಪ್ರಶ್ನೆಗಳಲ್ಲಿ ಹೆಸರೂ ಒಂದು. ಮುಖಂಡರು ಆಗ ತಮಗೆ ತೋಚಿದ ಹೊಸ ಹೆಸರನ್ನು ಬರೆಯಿಸದೆ, ವಸತಿಯ ವೃದ್ಧರನ್ನು ವಿಚಾರಿಸಿ ಅವರು ಕರೆಯುತ್ತ ಬಂದ ಹೆಸರನ್ನೂ, ಅವರು ನೀರು ತರುವ ಕಟ್ಟೆ ಅಥವಾ ಬಾವಿಯ ಸರ್ವೆ ನಂಬರನ್ನೂ ಜೊತೆಯಾಗಿಯೇ ದಾಖಲು ಮಾಡಿಸತಕ್ಕದ್ದು.